ಮಗ್ಗುಲಲ್ಲಿ ಕೂತು ಬರೆಸುವವರು

ಝಳಕಿ
೧೨ ನವೆಂಬರ್ ೨೦೨೪

ಸಿದ್ಧಶ್ರೀ ಮುದ್ರಣಾಲಯದ ಮಾಲೀಕರೂ, ಪ್ರೂಫ್ ತಿದ್ದುವವರೂ, ಕರೆಂಟು ಹೋದಾಗ ಗಿರಾಕಿಗಳಿಗೆ ರಟ್ಟಿನಿಂದ ಗಾಳಿ ಹಾಕುವವರೂ ಆದ ಗುರುಲಿಂಗಪ್ಪ ಕಾಕಾ ಅವರ ಸನ್ನಿಧಿಗೆ,

ನಿಮ್ಮ ಏಕೈಕ ಡಿಟಿಪಿ ಆಪರೇಟರ್ ಸಿದ್ದೀಕಾಳ ಸಲಾಮು.

ನನ್ನ ಮೇಜಿನಿಂದ ನಿಮ್ಮ ಮೇಜಿಗೆ ಎಂಟು ಹೆಜ್ಜೆ. ನಿನ್ನೆ ಆ ಎಂಟೂ ಹೆಜ್ಜೆ ನಡೆದು ಬಂದು ಕೇಳಿದೆ. ನೀವು ಕನ್ನಡಕ ತೆಗೆಯದೆಯೇ, "ಬಾಯಿಲೆ ಕೇಳಿದ್ರ ಬಾಯಿಲೆ ಇಲ್ಲ ಅಂತೇನಿ. ಬರದು ಕೊಡು, ವಿಚಾರ ಮಾಡ್ತೇನಿ" ಅಂದಿರಿ. ಮೂವತ್ತು ವರ್ಷ ಬೇರೆಯವರ ಮದುವೆಗೆ ಕಾಗದ ಹೊಂದಿಸಿದವರಿಗೆ ಕಾಗದದ ಮೇಲೇ ನಂಬಿಕೆ. ಆಗಲಿ.

ವಿಷಯ: ಮನೆಯಿಂದಲೇ ಟೈಪು ಮಾಡಲು ಅನುಮತಿ ಕೋರಿ.

ನಮ್ಮ ಮನೆಯವರಿಗೆ, ಅಂದರೆ ಝಳಕಿ ಕ್ರಾಸಿನ ಪಂಕ್ಚರ್ ಅಂಗಡಿ ತಬ್ರೇಜ ಅವರಿಗೆ, ಆಗಸ್ಟ್‌ನಲ್ಲಿ ಸೊಲ್ಲಾಪುರದಲ್ಲಿ ಕಿಡ್ನಿ ಕಸಿ ಆದದ್ದು ನಿಮಗೆ ಗೊತ್ತು. ಕೊಟ್ಟವರು ನಮ್ಮ ಅತ್ತೆ ಜೋಹರಾಬಿ. ಅತ್ತೆಯ ಕಿಡ್ನಿ ಹೊಸ ಮನೆಗೆ ಬಂದ ಸೊಸೆಯ ಹಾಗೆ ಕಾಕಾ, ಮನೆಯ ಕಾವಲು ನಾಯಿ ಅದರ ಗುರುತು ಹಿಡಿಯುವುದಿಲ್ಲ. ಅದಕ್ಕೇ ಡಾಕ್ಟರು ಆ ನಾಯಿಯನ್ನು ಗುಳಿಗೆ ಕೊಟ್ಟು ಮಲಗಿಸಿದ್ದಾರೆ. ನಾಯಿ ಮಲಗಿದ ಮೇಲೆ ಕಳ್ಳರಿಗೆ ಬಾಗಿಲು ತೆರೆದಂತೆ. ಯಾರದೋ ನೆಗಡಿ, ಯಾರದೋ ಕೆಮ್ಮು, ನಮಗೆ ನಾಲ್ಕು ದಿನದ ಕಿರಿಕಿರಿ, ಇವರಿಗೆ ಆಸ್ಪತ್ರೆ. ಒಂದು ವರ್ಷ ಗುಂಪಿನ ಗಾಳಿ ತಾಗಬಾರದು ಎಂದಿದ್ದಾರೆ.

ನಾನು ದಿನವಿಡೀ ಕೂರುವುದೇ ಗುಂಪಿನಲ್ಲಿ. ಒಂದು ಲಗ್ನಪತ್ರಿಕೆಗೆ ಕಡಿಮೆಯೆಂದರೆ ಎಂಟು ಮಂದಿ ನನ್ನ ಮಗ್ಗುಲಿಗೆ ಬಂದು ಕೂರುತ್ತಾರೆ, ಹೆಸರು ಹೇಳುತ್ತಾರೆ, ಪರದೆಯನ್ನು ಬೆರಳಿಂದ ಮುಟ್ಟುತ್ತಾರೆ, ನನ್ನ ಕುತ್ತಿಗೆಯ ಮೇಲೆ ಉಸಿರು ಬಿಡುತ್ತಾರೆ. ಆ ಉಸಿರನ್ನೆಲ್ಲ ಹೊತ್ತುಕೊಂಡು ಸಂಜೆ ಬಸ್ಸಿನಲ್ಲಿ ಮನೆಗೆ ಹೋಗುತ್ತೇನೆ. ಹೋಗದೆ ಕೂರೋಣವೆಂದರೆ ಇವರ ಅಂಗಡಿ ಮುಚ್ಚಿದೆ, ಗುಳಿಗೆ ಬರುವುದು ನನ್ನ ಪಗಾರದಿಂದ. ನೀವು ಬರೆದು ಕಳಿಸಿರಿ, ನಾನು ಮನೆಯಲ್ಲಿ ಹೊಡೆದು ಕಳಿಸುತ್ತೇನೆ. ಸ್ವಾಮಿಗಳ ಬಿರುದುಗಳು ನನಗೆ ನಿದ್ದೆಯಲ್ಲೂ ಬಾಯಿಪಾಠ, ಒಂದೂ ತಪ್ಪುವುದಿಲ್ಲ.

ಉತ್ತರ ಬೇಗ ಬರಲಿ. ಎಂಟೇ ಹೆಜ್ಜೆ.

ತಮ್ಮ ವಿಧೇಯಳು
ಸಿದ್ದೀಕಾ


ಇಂಡಿ
೧೫ ನವೆಂಬರ್ ೨೦೨೪

ಚಿ. ಸೌ. ಸಿದ್ದೀಕಾಗೆ ಗುರುಲಿಂಗಪ್ಪನ ಆಶೀರ್ವಾದಗಳು.

ಅರ್ಜಿ ತಲುಪಿತು. ಅಕ್ಷರ ದುಂಡಗಿದೆ, ತಪ್ಪುಗಳಿಲ್ಲ, ನಾಯಿಯ ಉಪಮೆ ನನಗೆ ಬಹಳ ಸೇರಿತು. ಇಷ್ಟೆಲ್ಲ ಸದ್ಗುಣಗಳಿದ್ದರೂ ಅರ್ಜಿಯನ್ನು ತಿರಸ್ಕರಿಸಲಾಗಿದೆ.

ಕಾರಣ ನಿನಗೇ ಗೊತ್ತು, ಆದರೂ ನೀನು ಬರೆದದ್ದಕ್ಕೆ ನಾನು ಬರೆಯಲೇಬೇಕು. ನಮ್ಮ ಜನ ಮದುವೆಯಲ್ಲಿ ವರನನ್ನು ನಂಬುತ್ತಾರೆ, ಬಂಗಾರವನ್ನು ನಂಬುತ್ತಾರೆ, ಅಡಿಗೆಯವನನ್ನೂ ನಂಬುತ್ತಾರೆ. ಪ್ರೆಸ್ಸಿನವನನ್ನು ಮಾತ್ರ ನಂಬುವುದಿಲ್ಲ. ತಮ್ಮ ಹೆಸರು ಪರದೆಯ ಮೇಲೆ ಮೂಡುವುದನ್ನು ಕಣ್ಣಾರೆ ಕಾಣಬೇಕು. ಹೋದ ವರ್ಷ ಬಾಗೇವಾಡಿಯ ಪತ್ರಿಕೆಯಲ್ಲಿ ಸೋದರಮಾವನ ಹೆಸರು ಬಿಟ್ಟಾಗ ಏನಾಯಿತು? ಮುಹೂರ್ತ ಹನ್ನೆರಡೂವರೆಗೆ, ಅಕ್ಷತೆ ಬಿದ್ದದ್ದು ಎರಡಕ್ಕೆ. ಅಷ್ಟು ಹೊತ್ತೂ ಆ ಮಾವ ಮಂಟಪದ ಹೊರಗೆ ಟ್ರ್ಯಾಕ್ಟರಿನ ಮೇಲೆ ಕೂತಿದ್ದ. ಆ ಪತ್ರಿಕೆ ಬರೆಸುವಾಗ ಅವನು ಮಗ್ಗುಲಲ್ಲಿ ಇರಲಿಲ್ಲ, ಅದೇ ಅಪರಾಧ.

ಪ್ರೂಫನ್ನು ಮೊಬೈಲಿಗೆ ಕಳಿಸೋಣ ಅನ್ನಬಹುದು ನೀನು. ಮೊಬೈಲಿನಲ್ಲಿ ಮನೆಯ ಒಬ್ಬ ನೋಡಿ ಸರಿ ಅನ್ನುತ್ತಾನೆ. ಉಳಿದ ಹನ್ನೊಂದು ಮಂದಿ ಕಾರ್ಡು ಅಚ್ಚಾದ ಮೇಲೆ ನನ್ನಲ್ಲಿಗೆ ಬರುತ್ತಾರೆ. ಸಿಂದಗಿಯಲ್ಲಿ ಹೊಸ ಅಂಗಡಿ ಆಗಿದೆ, ಕೇಳಿದ್ದೀಯಾ? ಎರಡು ಸೋಫಾ, ಗೋಡೆಗೆ ದೊಡ್ಡ ಟಿವಿ, ಹೆಸರು ಅದರಲ್ಲಿ ಮೂಡುತ್ತದೆ. ನಮ್ಮಲ್ಲಿ ಆಪರೇಟರ್ ಕಣ್ಣಿಗೆ ಕಾಣುವುದಿಲ್ಲ ಎಂದು ಗೊತ್ತಾದರೆ ಜನ ಆ ಸೋಫಾಕ್ಕೆ ಹೋಗುತ್ತಾರೆ. ಆಗ ನೀನು ಮನೆಯಲ್ಲೂ ಕೆಲಸ ಮಾಡಬೇಕಾಗಿಲ್ಲ, ಪ್ರೆಸ್ಸಿನಲ್ಲೂ ಮಾಡಬೇಕಾಗಿಲ್ಲ.

ಹಾಗಂತ ನಾನು ಕಟುಕನಲ್ಲ. ಕಾಗದದ ಕೋಣೆ ಖಾಲಿ ಮಾಡಿಸಿ, ನಡುವೆ ಗಾಜು ಹಾಕಿಸುತ್ತೇನೆ. ನೀನು ಒಳಗೆ, ಜನ ಹೊರಗೆ. ಅವರು ನೋಡಲಿ, ಉಸಿರು ಗಾಜಿಗೆ ತಾಗಲಿ.

ಅದಕ್ಕಿಂತ ಹೆಚ್ಚಿಗೆ ಕೇಳಬೇಡ. ಬೇರೆ ಕಾರಣಗಳೂ ಇವೆ, ಅವು ಬರೆಯುವಂಥವಲ್ಲ.

ಗುರುಲಿಂಗಪ್ಪ


ಝಳಕಿ
೯ ಡಿಸೆಂಬರ್ ೨೦೨೪

ಗಾಜಿನರಮನೆಯ ನಿರ್ಮಾತೃಗಳಾದ ಕಾಕಾ ಅವರಿಗೆ,

ಅರಮನೆಯ ಮೊದಲ ಮೂರು ವಾರಗಳ ವರದಿ.

ಮೊದಲ ದಿನ ಜನ ಗಾಜಿಗೆ ಮೂಗು ಒತ್ತಿ ನಿಂತರು. ಎರಡನೆಯ ದಿನ ಒಬ್ಬರ ಮಾತು ಒಬ್ಬರಿಗೆ ಕೇಳದೆ, ನಾನು ವಧುವಿನ ಹೆಸರಿನ ಜಾಗದಲ್ಲಿ ವಧುವಿನ ಅಜ್ಜಿಯನ್ನು ಕೂರಿಸಿದೆ. ಮೂರನೆಯ ದಿನ ಕನ್ನೊಳ್ಳಿಯ ಸಿದ್ದಲಿಂಗ ಅವರು ಒಂಬತ್ತು ಮಂದಿಯೊಂದಿಗೆ ಬಂದು, "ಗಾಜಿನ್ಯಾಗ ಏನ್ ಮೀನ ಸಾಕೀರೇನ್ರಿ?" ಎಂದು ನಿಮ್ಮನ್ನು ಕೇಳಿ, ನೀವು ಉತ್ತರ ಹುಡುಕುವಷ್ಟರಲ್ಲಿ ಹಿಂದಿನ ಪಾಯಖಾನೆ ಬಾಗಿಲಿನಿಂದ ಒಳಗೇ ಬಂದರು. ಅಂದಿನಿಂದ ಜನರಿಗೆ ಅದೇ ಹೆಬ್ಬಾಗಿಲು. ಕಿಟಕಿಯಿಲ್ಲದ ಕೋಣೆಯಲ್ಲಿ ಹತ್ತು ಮಂದಿ ಮತ್ತು ನಾನು. ಮೊದಲಿನ ಜಾಗವೇ ಹವೆಗೆ ವಾಸಿಯಾಗಿತ್ತು.

ಸಂಜೆ ಮನೆಗೆ ಬಂದರೆ ನಾನು ಒಳಗೆ ಹೋಗುವ ಹಾಗಿಲ್ಲ. ಹಿತ್ತಲಲ್ಲಿ ಸ್ನಾನ, ಬಟ್ಟೆ ಬೇರೆ ಬಕೇಟಿಗೆ, ಆಮೇಲೆ ಇವರ ಕೋಣೆಯ ಬಾಗಿಲಲ್ಲಿ ನಿಂತು ಮಾತು. ಇವರು ನಾಲ್ಕು ತಿಂಗಳಿಂದ ಅದೇ ಕೋಣೆಯಲ್ಲಿ. ಒಂದು ಕಿಟಕಿ, ಅದರಾಚೆ ಹೈವೇ. ಲಾರಿ ಹೋದ ಸಪ್ಪಳಕ್ಕೆ, "ಹಿಂದಿನ ಎಡಗಾಲಿ ಗಾಳಿ ಕಡಿಮಿ ಐತಿ" ಅನ್ನುತ್ತಾರೆ. ಹೇಳಲು ಯಾರೂ ಇಲ್ಲದಾಗ ಗೋಡೆಗೆ ಹೇಳುತ್ತಾರಂತೆ, ಅತ್ತೆ ಕೇಳಿಸಿಕೊಂಡಿದ್ದಾರೆ. ಗೆಳೆಯರು ಬಂದರೆ ಅತ್ತೆ ಅಂಗಳದಿಂದಲೇ ತಿರುಗಿಸಿ ಕಳಿಸುತ್ತಾರೆ. ನಾನು ಒಮ್ಮೆ ಸೀನಿದ್ದಕ್ಕೆ ಅವರು ಹೇಳಿದ ಮಾತನ್ನು ಹಾಗೇ ಬರೆಯುತ್ತೇನೆ: "ಅಂವಗ ಏನರ ಆದ್ರ ನಿನಗ ಗಂಡ ಹೋಗ್ತಾನ. ನನಗ ಮಗನೂ ಹೋಗ್ತಾನ, ಕಿಡ್ನಿನೂ ಹೋಗ್ತೈತಿ. ನಂದು ಡಬಲ್ ಲುಕ್ಸಾನ."

ಅವರು ಅಂದದ್ದು ನಗೆಗಲ್ಲ. ನಾನು ನಕ್ಕೆ, ಆಮೇಲೆ ಹಿತ್ತಲಿಗೆ ಹೋಗಿ ಇನ್ನೊಮ್ಮೆ ಸ್ನಾನ ಮಾಡಿದೆ.

ಹಳೆಯ ಅರ್ಜಿಯನ್ನೇ ಹೊಸ ತಾರೀಖಿನೊಂದಿಗೆ ಮತ್ತೆ ಸಲ್ಲಿಸುತ್ತಿದ್ದೇನೆ. ಇದನ್ನೂ ತಿರಸ್ಕರಿಸಿದರೆ ಸಂಕ್ರಮಣಕ್ಕೆ ಮತ್ತೆ ಸಲ್ಲಿಸುತ್ತೇನೆ.

ಸಿದ್ದೀಕಾ


ಇಂಡಿ
೧೭ ಜನವರಿ ೨೦೨೫

ಚಿ. ಸೌ. ಸಿದ್ದೀಕಾಗೆ,

ಮೂರು ಅರ್ಜಿಗಳು ನನ್ನ ಗಲ್ಲೆಯಲ್ಲಿ ಒಂದರ ಮೇಲೊಂದು ಕೂತಿವೆ. ಸಂಕ್ರಮಣದ ಅರ್ಜಿಯಲ್ಲಿ ಎಳ್ಳು ಬೆಲ್ಲ ಇಟ್ಟು ಕೊಟ್ಟದ್ದು ಲಂಚ. ತಿಂದಿದ್ದೇನೆ.

ಆದ್ದರಿಂದ ಆದೇಶ: ಸದರಿ ಸಿದ್ದೀಕಾ ಸೋಮವಾರದಿಂದ ಝಳಕಿಯ ತನ್ನ ಸ್ವಗೃಹದಲ್ಲಿ ಕೂತು ಟೈಪು ಮಾಡತಕ್ಕದ್ದು. ಕಂಪ್ಯೂಟರನ್ನು ಟಂಟಂ ಆಟೋದಲ್ಲಿ ಕಳಿಸುತ್ತೇನೆ, ಹಾಸಿಗೆ ಸುತ್ತಿ. ಬರೆದ ಕಾಗದವನ್ನು ನಾನು ದಿನಾ ಮೊದಲ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತೇನೆ, ಪ್ರೂಫ್ ಸಂಜೆಯ ಬಸ್ಸಿಗೆ ಬರಲಿ. ಗಿರಾಕಿಗಳ ಮಗ್ಗುಲಿಗೆ ನಾನೇ ಕೂರುತ್ತೇನೆ. ನನ್ನ ಉಸಿರಿನಿಂದ ಕಾಯಬೇಕಾದವರು ಮನೆಯಲ್ಲಿ ಯಾರೂ ಇಲ್ಲ.

ಸೀಲು ಹೊಡೆದಿದ್ದೇನೆ, ನೋಡು. ಈ ಸೀಲು ನನ್ನ ಸ್ವಂತ ಲಗ್ನಕ್ಕೂ ಬಿದ್ದಿರಲಿಲ್ಲ.

ತಬ್ರೇಜನಿಗೆ ಕಿಟಕಿಯಿಂದಲೇ ನನ್ನ ನಮಸ್ಕಾರ ಹೇಳು.

ಗುರುಲಿಂಗಪ್ಪ


ಝಳಕಿ
೧೧ ಫೆಬ್ರುವರಿ ೨೦೨೫

ಕಾಕಾ ಅವರಿಗೆ,

ಇಪ್ಪತ್ತು ದಿನ ಸ್ವರ್ಗದಲ್ಲಿದ್ದೆ. ಬಸ್ಸಿಲ್ಲ, ಬಕೇಟಿಲ್ಲ. ಇವರ ಕೋಣೆಯ ಬಾಗಿಲ ಈಚೆ ಮೇಜು, ನಾನು ಹೆಸರುಗಳನ್ನು ಗಟ್ಟಿಯಾಗಿ ಓದುತ್ತ ಹೊಡೆಯುತ್ತಿದ್ದೆ, ಇವರು ಆಚೆಯಿಂದ ಒಬ್ಬೊಬ್ಬರಿಗೂ ಒಂದೊಂದು ಕಥೆ ಕಟ್ಟುತ್ತಿದ್ದರು. ಅತ್ತೆಯೂ ಮೂರು ದಿನ ನನ್ನನ್ನು ಬೈಯಲಿಲ್ಲ. ನಾಲ್ಕನೆಯ ದಿನ ನನಗೇ ಗಾಬರಿಯಾಗಿ, ಮೈಯಲ್ಲಿ ಹುಷಾರಿಲ್ಲವೇ ಎಂದು ಕೇಳಿದೆ.

ಮೊನ್ನೆ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮನೆ ಮುಂದೆ ಕ್ರೂಸರ್ ಜೀಪು ನಿಂತಿತು. ಮುದ್ದೇಬಿಹಾಳ ಕಡೆಯ ತಂಗಡಗಿಯಿಂದ ಶಂಕರೆಪ್ಪ ಅವರು, ವಧುವಿನ ದೊಡ್ಡಪ್ಪ, ಜೊತೆಗೆ ಹದಿಮೂರು ಮಂದಿ. "ಗುರುಲಿಂಗಪ್ಪನವ್ರು ಅಡ್ರೆಸ್ ಕೊಟ್ಟಾರ್ರಿ. ಮಗ್ಗಲದಾಗ ಕುಂತು ಬರಸ್ತೇವಿ" ಅಂದರು. ಅಷ್ಟು ದೂರ ಕೃಷ್ಣೆಯ ದಂಡೆಯಿಂದ ಬಂದಿದ್ದಾರೆ, ಕೈಯಲ್ಲಿ ಮದುವೆಗೆ ಕರೆಯಲು ತಂದ ಕುಪ್ಪಸದ ಖಣ. ಹಾಗೆ ಕರೆಯಲು ಬಂದವರನ್ನು ಅಂಗಳದಲ್ಲಿ ನಿಲ್ಲಿಸಿ ಕಳಿಸಿದವರು ನಮ್ಮ ಊರಲ್ಲಿ ಯಾರಾದರೂ ಇದ್ದಾರೆಯೇ? ಇವರ ಗೆಳೆಯರನ್ನು ಆರು ತಿಂಗಳು ಹೊರಗಿನಿಂದಲೇ ಓಡಿಸಿದ ಅತ್ತೆಯೇ ಚಾಪೆ ಹಾಸಿದರು, ಚಹಾಕ್ಕೆ ನೀರಿಟ್ಟರು.

ಎರಡು ತಾಸು ಕೂತರು. ಯಾರ ಹೆಸರು ಮೊದಲು ಎಂಬ ಜಗಳವಂತೂ ಕೇಳಬೇಡಿರಿ, ಬಹಳ ದಿನಕ್ಕೆ ನನ್ನ ಕಿವಿ ತುಂಬಿತು. ನಡುವೆ ಶಂಕರೆಪ್ಪ ಅವರು ಎದ್ದು ಒಳಗೆ ಹೋಗಿ ಇವರ ಹಾಸಿಗೆಯ ತುದಿಗೆ ಕೂತಿದ್ದು ನನಗೆ ತಡವಾಗಿ ಕಂಡಿತು. ಹೊರಗೆ ಬರ್ರಿ ಅಂದೆ. "ಮನಿಗಿ ಬಂದು ಜಡ್ಡಿನವನ್ನ ಮಾತಾಡಸಲಾರದ ಹೆಂಗ ಹೋಗೂದವಾ?" ಅಂದರು. ಇವರ ತಲೆಯ ಮೇಲೆ ಕೈ ಇಟ್ಟು ಹರಸಿದರು. ಹರಸುವಾಗ ಕೆಮ್ಮಿದರು.

ನೀವು ಅಡ್ರೆಸ್ ಯಾಕೆ ಕೊಟ್ಟಿರಿ ಕಾಕಾ?

ಪತ್ರಿಕೆ ಚೆನ್ನಾಗಿ ಬಂದಿದೆ. ಎಂಬತ್ತೆರಡು ಹೆಸರು. ಲಗತ್ತಿಸಿದ್ದೇನೆ.

ಸಿದ್ದೀಕಾ


ಇಂಡಿ
೧೩ ಫೆಬ್ರುವರಿ ೨೦೨೫

ಸಿದ್ದೀಕಾಗೆ,

ಕೊಟ್ಟೆ. ಶಂಕರೆಪ್ಪ ನನ್ನ ಹಳೆಯ ಗಿರಾಕಿ, ಮೂರು ಮಕ್ಕಳ ಪತ್ರಿಕೆ ಇಲ್ಲೇ ಹಾಕಿಸಿದವನು. ಸಿಂದಗಿಯ ಸೋಫಾ ಕಡೆ ಹೊರಟಿದ್ದ. ನನ್ನ ಆಪರೇಟರ್ ಸತ್ತಿಲ್ಲ, ಝಳಕಿಯಲ್ಲಿ ಇದ್ದಾಳೆ ಎಂದು ತೋರಿಸಲು ಹೆಸರು ಹೇಳಿದೆ, ಕ್ರಾಸಿನ ಪಕ್ಕದ ಮನೆ ಅಂದೆ. ಅಷ್ಟೇ ಅಂದೆ. ಅವನು ಕ್ರೂಸರ್ ತೆಗೆದುಕೊಂಡು ಹೋಗುತ್ತಾನೆ ಎಂದು ನನಗೆ ಹೇಗೆ ತಿಳಿಯಬೇಕು?

ತಿಳಿಯಬೇಕಿತ್ತು. ಮೂವತ್ತು ವರ್ಷ ಇಂಥವರ ಮಗ್ಗುಲಲ್ಲೇ ಕೂತಿದ್ದೇನೆ.

ತಬ್ರೇಜ ಹೇಗಿದ್ದಾನೆ ಎಂದು ಬರೆ.

ಗುರುಲಿಂಗಪ್ಪ


ಸೊಲ್ಲಾಪುರ
೨೪ ಫೆಬ್ರುವರಿ ೨೦೨೫

ಕಾಕಾ,

ಹದಿನೇಳರ ಸಂಜೆ ಜ್ವರ ಬಂತು. ಹತ್ತೊಂಬತ್ತಕ್ಕೆ ಇಲ್ಲಿಗೆ ತಂದೆವು. ಎದೆಯಲ್ಲಿ ನ್ಯುಮೋನಿಯಾ. ಐಸಿಯುದಲ್ಲಿದ್ದಾರೆ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಗಾಜಿನಿಂದ ನೋಡಬಹುದು. ಗಾಜಿಗೆ ಮೂಗು ಒತ್ತಿ ನಿಲ್ಲುವುದು ಹೇಗೆಂದು ಈಗ ಕಲಿತಿದ್ದೇನೆ.

ನ್ಯುಮೋನಿಯಾ ಹೋಗಬೇಕಾದರೆ ಮಲಗಿಸಿದ ನಾಯಿಯನ್ನು ಎಬ್ಬಿಸಬೇಕಂತೆ. ಎಬ್ಬಿಸಿದರೆ ಅದು ಅತ್ತೆಯ ಕಿಡ್ನಿಯನ್ನು ಕಚ್ಚಬಹುದಂತೆ. ಎಬ್ಬಿಸದಿದ್ದರೆ ಇವರೇ ಉಳಿಯುವುದಿಲ್ಲ. ಯಾವುದು ಎಂದು ಡಾಕ್ಟರು ನಮ್ಮನ್ನು ಕೇಳಿದರು. ಅತ್ತೆ, "ಮಗನ್ನ ಉಳಸ್ರಿ" ಅಂದರು. ಸಹಿ ನಾನು ಮಾಡಿದೆ.

ಬಾಕಿ ಉಳಿದ ಎರಡು ಪತ್ರಿಕೆಗಳನ್ನು ಬೇರೆ ಯಾರಿಂದಲಾದರೂ ಮಾಡಿಸಿರಿ.

ಸಿದ್ದೀಕಾ


ಇಂಡಿ
೮ ಮಾರ್ಚ್ ೨೦೨೫

ಸಿದ್ದೀಕಾ,

ಈ ಕಾಗದವನ್ನು ನಾಲ್ಕು ಸಲ ಹರಿದು ಐದನೆಯದನ್ನು ಕಳಿಸುತ್ತಿದ್ದೇನೆ. ತಮಾಷೆ ಹುಡುಕಿದೆ, ಸಿಗಲಿಲ್ಲ.

ನವೆಂಬರಿನಲ್ಲಿ ಬರೆಯುವಂಥವಲ್ಲ ಎಂದು ಬಿಟ್ಟಿದ್ದನ್ನು ಬರೆಯುತ್ತೇನೆ. ನೀನು ನಮ್ಮಲ್ಲಿಗೆ ಬಂದದ್ದು ನನ್ನ ಹೆಂಡತಿ ಹೊನ್ನವ್ವ ತೀರಿಕೊಂಡ ಮರುವರ್ಷ. ಅವಳಿಗೆ ಸಕ್ಕರೆ ಕಾಯಿಲೆ ಇತ್ತು, ದಮ್ಮೂ ಇತ್ತು. ಇಪ್ಪತ್ತೊಂದರ ಏಪ್ರಿಲ್, ಕೊರೊನಾ ಕಾಲ, ಮದುವೆಗೆ ಐವತ್ತು ಮಂದಿಯ ಮೇಲೆ ಸೇರಬಾರದು ಎಂಬ ದಿನಗಳು. ಸೇರುವುದು ಐವತ್ತಾದರೂ ಪತ್ರಿಕೆಯಲ್ಲಿ ಹೆಸರು ತೊಂಬತ್ತು ಇರಲೇಬೇಕು, ಬರಲಾಗದವರ ಹೆಸರಾದರೂ ಬರಲಿ ಎಂದು. ಶಟರ್ ಅರ್ಧ ಎಳೆದು ಹದಿನಾರು ಮಂದಿಯನ್ನು ಒಳಗೆ ಕೂರಿಸಿಕೊಂಡೆ. ಆಗ ಟೈಪು ಮಾಡುತ್ತಿದ್ದವನು ಊರಿಗೆ ಹೋಗಿದ್ದ, ನಾನೇ ಎರಡು ಬೆರಳಿನಲ್ಲಿ ಹೊಡೆದೆ. ಮನೆಗೆ ಹೋಗಿ ಹೊನ್ನವ್ವನ ಪಕ್ಕ ಕೂತು ಉಂಡೆ. ಅವಳು ಹೋಗುವ ಹಿಂದಿನ ದಿನ, ನಿಮ್ಮ ಅಂಗಡಿ ಮುಚ್ಚಬಾರದಿತ್ತೇ ಎಂದು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಜನರ ಉಸಿರಿನಿಂದ ಏನೂ ಆಗುವುದಿಲ್ಲ ಎಂದು ನಾಲ್ಕು ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ. ನಿನ್ನ ಅರ್ಜಿಗೆ ಹೌದು ಅಂದಿದ್ದರೆ, ಅಂದು ನಾನೂ ಮನೆಯಲ್ಲೇ ಉಳಿಯಬಹುದಿತ್ತು ಎಂಬುದಕ್ಕೆ ಸಹಿ ಹಾಕಿದಂತೆ. ಎರಡು ತಿಂಗಳು ನಿನ್ನನ್ನು ಗಾಜಿನಲ್ಲಿ ಕೂರಿಸಿದ್ದು ಅದಕ್ಕೆ. ಕೊನೆಗೆ ಹೌದು ಅಂದೆ, ಅಂದ ಮೇಲೂ ಬಾಯಿ ಮುಚ್ಚಿಕೊಳ್ಳಲಿಲ್ಲ.

ನಿನ್ನ ಪಗಾರ ಪ್ರತಿ ತಿಂಗಳೂ ಬರುತ್ತದೆ. ಇದು ದಾನವಲ್ಲ. ಹೆಸರಿಲ್ಲದ್ದಕ್ಕೆ ಹೆಸರು ಹುಡುಕಬೇಡ.

ಗುರುಲಿಂಗಪ್ಪ


ಝಳಕಿ
೩ ಮೇ ೨೦೨೫

ಗುರುಲಿಂಗಪ್ಪ ಕಾಕಾ ಅವರಿಗೆ,

ವಿಷಯ: ಮನೆಯಿಂದಲೇ ಟೈಪು ಮಾಡುವ ಅನುಮತಿಯನ್ನು ಹಿಂದಿರುಗಿಸುವ ಕುರಿತು.

ಮಾನ್ಯರೇ, ಅನುಮತಿ ಕೋರಲು ಕಾರಣವಾಗಿದ್ದ ಕಿಡ್ನಿಯು ಏಪ್ರಿಲ್ ಒಂಬತ್ತರಂದು ಕೆಲಸ ನಿಲ್ಲಿಸಿದೆ. ನಾಯಿ ಎದ್ದಿತು, ನ್ಯುಮೋನಿಯಾ ಓಡಿಸಿತು, ಆಮೇಲೆ ಮನೆಗೆ ಬಂದ ಸೊಸೆಯನ್ನೂ ಬಿಡಲಿಲ್ಲ. ಇವರು ಬದುಕಿದ್ದಾರೆ. ಈಗ ಮಂಗಳವಾರ ಮತ್ತು ಶುಕ್ರವಾರ ಇಂಡಿಯಲ್ಲೇ ಡಯಾಲಿಸಿಸ್. ಒಂದೇ ಹಾಲಿನಲ್ಲಿ ಆರು ಮಂಚ, ಆರು ಮಂದಿ, ಅವರನ್ನು ಮಾತಾಡಿಸಲು ಬಂದ ಹನ್ನೆರಡು ಮಂದಿ. ಅಲ್ಲಿ ನಾಲ್ಕು ತಾಸು ಮಲಗಿ ಬರುವವರನ್ನು ನಾನು ಮನೆಯಲ್ಲಿ ಯಾರಿಂದ ಕಾಯಲಿ? ಹುಷಾರಾಗಿರಬೇಕು ಎಂದು ಡಾಕ್ಟರು ಈಗಲೂ ಹೇಳುತ್ತಾರೆ. ಹೇಗೆ ಎಂದು ಕೇಳಿದರೆ ಮುಂದಿನವರನ್ನು ಕರೆಯುತ್ತಾರೆ.

ನೀವು ನಿಮ್ಮದನ್ನು ಬರೆದಿರಿ. ನನ್ನದನ್ನೂ ಬರೆದುಬಿಡುತ್ತೇನೆ. ಶಂಕರೆಪ್ಪ ಅವರು ತಾವಾಗಿ ಒಳಗೆ ಹೋಗಲಿಲ್ಲ. ಇವರೇ ಕರೆದರು. ಮಾತು ಕೇಳಿ ಕೇಳಿ ತಡೆಯಲಾರದೆ ಒಳಗಿನಿಂದ ಚಿಲಕ ತೆಗೆದು, "ಬರ್ರಿ ಕಾಕಾ, ಇಲ್ಲಿ ಕೂಡ್ರಿ" ಅಂದರು. ಚಿಲಕದ ಸಪ್ಪಳ ನನಗೆ ಕೇಳಿಸಿತ್ತು. ವರನ ಕಡೆಯ ಏಳು ಹೆಸರು ಉಳಿದಿದ್ದವು, ಜಗಳ ರಂಗೇರಿತ್ತು, ನನಗೆ ಬಹಳ ದಿನಕ್ಕೆ ಸುಖವಾಗಿತ್ತು. ಆ ಏಳನ್ನು ಮುಗಿಸಿ ಎದ್ದರಾಯಿತು ಎಂದು ಕೂತೆ. ಆದ್ದರಿಂದ ಅಡ್ರೆಸ್ಸಿನ ತಪ್ಪನ್ನು ನೀವೊಬ್ಬರೇ ಹೊತ್ತುಕೊಳ್ಳಬೇಡಿರಿ.

ಅತ್ತೆಗೂ ಹೇಳಿದೆ. ಆರಿಸುತ್ತಿದ್ದ ಅಕ್ಕಿಯ ಮೊರವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಅಂದದ್ದಿಷ್ಟು: "ಚಾಪಿ ಹಾಸಿದಾಕಿ ನಾನು. ಯಾರ ತಪ್ಪೂ ಅಲ್ಲ ಅನ್ನಾಕ ಬಾಯಿ ಬರವಲ್ದು. ನಿಂದ ತಪ್ಪು ಅನ್ನಾಕೂ ಬರವಲ್ದು."

ನಿನ್ನೆ ಡಯಾಲಿಸಿಸ್ ಮುಗಿಸಿ ಆಟೋ ಬೇಡ, ಬಸ್ಸಿಗೇ ಹೋಗೋಣ ಎಂದು ಇವರು ಹಟ ಹಿಡಿದರು. ಸೀಟು ತುಂಬಿತ್ತು, ಸಂತೆಯಿಂದ ಬಂದ ಒಬ್ಬ ಮುದುಕನ ಪಕ್ಕ ಜಾಗ ಸಿಕ್ಕಿತು. ಮಾಸ್ಕನ್ನು ಗದ್ದಕ್ಕೆ ಇಳಿಸಿ ಅವನ ಎತ್ತು, ಅವನ ಅಳಿಯ, ಅವನ ಟ್ರಾಲಿಯ ಟೈರು, ಎಲ್ಲವನ್ನೂ ಕೇಳಿ ತಿಳಿದುಕೊಂಡರು. ಒಮ್ಮೆ ಗಟ್ಟಿಯಾಗಿ ನಕ್ಕರು. ಆಗಸ್ಟಿನಿಂದ ಆ ನಗೆ ಕೇಳಿರಲಿಲ್ಲ. ಮುಂದಿನ ಸೀಟಿನಲ್ಲಿದ್ದ ಅತ್ತೆ ತಿರುಗಿ ನೋಡಿದರು. ಮಗನ ಮುಖ ನೋಡುತ್ತಲೇ ಸೆರಗಿನ ಕೆಳಗೆ ಕೈ ಹಾಕಿ ಪಕ್ಕೆಯ ಹೊಲಿಗೆಯನ್ನು ಮುಟ್ಟಿಕೊಂಡರು.

ಸೋಮವಾರ ಒಂಬತ್ತೂವರೆಗೆ ಬರುತ್ತೇನೆ. ಗಾಜು ತೆಗೆಸಿಬಿಡಿರಿ, ಒಳಗೆ ಬಹಳ ಸೆಕೆ.

ತಮ್ಮ
ಸಿದ್ದೀಕಾ